ಮನೆ ಖಾಲಿ ಮಾಡುವ ಮುನ್ನ: ನೋಟಿಸ್ ಎಷ್ಟು ದಿನ, ಹೇಗೆ, ಯಾಕೆ?

(ಧರ್ಮಕೇಂದ್ರದ ಸಭಾಂಗಣದಲ್ಲಿ ನಡೆದ ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ನಮ್ಮ ಸಮಾಜ ಸೇವಾ ಸಂಸ್ಥೆಯ ಕಾರ್ಯಕರ್ತರು ನೀಡಿದ ಮಾಹಿತಿ ಭಾಷಣದ ಬರಹ ರೂಪ)



ಹೋದ ತಿಂಗಳ ಸಭೆಯಲ್ಲಿ ನಾವು ಉಳಿತಾಯದ ಬಗ್ಗೆ ಮಾತಾಡಿದ್ದೆವು. ತಿಂಗಳಿಗೆ ನೂರು, ಇನ್ನೂರು ರೂಪಾಯಿ ಸೇರಿಸಿ ಸಂಘ ಕಟ್ಟಿದವರು ನೀವು. ಆದರೆ ನಮ್ಮಲ್ಲಿ ಹೆಚ್ಚಿನವರ ಅತಿ ದೊಡ್ಡ ಉಳಿತಾಯ ಎಲ್ಲಿದೆ ಅಂತ ಯೋಚಿಸಿದ್ದೀರಾ? ಅದು ಬ್ಯಾಂಕಿನಲ್ಲೂ ಇಲ್ಲ, ಸಂಘದ ಪೆಟ್ಟಿಗೆಯಲ್ಲೂ ಇಲ್ಲ. ಅದು ಇರುವುದು ಮನೆ ಮಾಲೀಕರ ಕೈಯಲ್ಲಿ. ಅದರ ಹೆಸರು ಅಡ್ವಾನ್ಸ್. ಐವತ್ತು ಸಾವಿರ, ಅರವತ್ತು ಸಾವಿರ, ಒಂದು ಲಕ್ಷ. ಒಡವೆ ಅಡ ಇಟ್ಟು, ಸಾಲ ಮಾಡಿ ಕೊಟ್ಟ ಹಣ ಅದು. ಮನೆ ಬಿಡುವ ದಿನ ಆ ಹಣ ಪೂರ್ತಿ ವಾಪಸು ಬರುತ್ತದೋ ಇಲ್ಲವೋ ಎನ್ನುವುದು ಬಹಳ ಮಟ್ಟಿಗೆ ಒಂದು ಕಾಗದದ ಮೇಲೆ ನಿಂತಿದೆ. ಆ ಕಾಗದವೇ ನೋಟಿಸ್. ಇವತ್ತು ಅದರ ಬಗ್ಗೆ ಮಾತಾಡೋಣ.

ನಡೆದ ಒಂದು ಸಂಗತಿ

ಮೊದಲು ನಮ್ಮ ಸಂಘದ ಒಬ್ಬ ಸಹೋದರಿಯ ವಿಷಯ ಹೇಳುತ್ತೇವೆ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ, ಹೆಸರು ಬೇಡ. ಮೂರು ಮನೆಗಳಲ್ಲಿ ಅಡುಗೆ ಕೆಲಸ ಮಾಡುತ್ತಾರೆ, ಗಂಡ ಆಟೋ ಓಡಿಸುತ್ತಾರೆ. ತಿಂಗಳಿಗೆ 6,000 ರೂಪಾಯಿ ಬಾಡಿಗೆ, 50,000 ಅಡ್ವಾನ್ಸ್. ಮಗಳಿಗೆ ಬೇರೆ ಬಡಾವಣೆಯ ಶಾಲೆಯಲ್ಲಿ ಸೀಟು ಸಿಕ್ಕಿತು. ಮಾರ್ಚ್ ತಿಂಗಳಲ್ಲೇ ಅದು ಗೊತ್ತಾಗಿತ್ತು. ಆದರೆ ಮನೆ ಬಿಡುವ ವಿಷಯ ಹೇಳಿದ್ದು ಮೇ ತಿಂಗಳ ಕೊನೆಯಲ್ಲಿ, ಅದೂ ಬಾಯಿ ಮಾತಿನಲ್ಲಿ, ಮಾಲೀಕರ ತಾಯಿಯ ಹತ್ತಿರ. "ಆಯ್ತಮ್ಮಾ, ಮಗನಿಗೆ ಹೇಳ್ತೀನಿ" ಅಂದರು ಆ ಅಜ್ಜಿ. ಹತ್ತು ದಿನದಲ್ಲಿ ಸಾಮಾನು ಸಾಗಿಸಿ ಆಯಿತು.

ಲೆಕ್ಕಕ್ಕೆ ಕೂತಾಗ ಮಾಲೀಕರು ಕರಾರು ಪತ್ರ ತೆಗೆದು ತೋರಿಸಿದರು. ಇಂಗ್ಲಿಷಿನಲ್ಲಿ ಇತ್ತು. ಮನೆ ಬಿಡುವವರು ಎರಡು ತಿಂಗಳ ಮುಂಚೆ ಬರಹದಲ್ಲಿ ನೋಟಿಸ್ ಕೊಡಬೇಕು, ಇಲ್ಲವಾದರೆ ಎರಡು ತಿಂಗಳ ಬಾಡಿಗೆ ಮುರಿದುಕೊಳ್ಳಲಾಗುವುದು ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಇವರದೇ ಸಹಿ. ನೋಟಿಸ್ ಲೆಕ್ಕಕ್ಕೆ 12,000, ಸುಣ್ಣ ಬಣ್ಣಕ್ಕೆ 6,000, ನಲ್ಲಿ, ಸ್ವಿಚ್ಚು, ಬಾಗಿಲು ರಿಪೇರಿಗೆ 4,000. ಒಟ್ಟು 22,000 ಹೋಗಿ ಕೈಗೆ ಬಂದದ್ದು 28,000. ಹೊಸ ಮನೆಗೆ ಕೊಡಬೇಕಾಗಿದ್ದ ಅಡ್ವಾನ್ಸ್ 60,000. ಉಳಿದದ್ದನ್ನು ಸಂಘದಿಂದಲೂ, ಬಡ್ಡಿಗೆ ಕೊಡುವವರಿಂದಲೂ ತಂದರು.

ನಾವು ಮಾಲೀಕರ ಮನೆಗೆ ಹೋಗಿ ಕೂತು ಮಾತಾಡಿದೆವು. ಅವರು ಕೆಟ್ಟ ಮನುಷ್ಯರೇನಲ್ಲ. "ನಂಗೂ ಮನೆ ಸಾಲದ ಕಂತು ಇದೆ, ಮನೆ ಬೀಗ ಹಾಕಿ ನಿಂತಿತ್ತು, ನಾನೇನು ಮಾಡ್ಲಿ?" ಅಂದರು. ರಿಪೇರಿಗೆ ರಸೀದಿ ಇರಲಿಲ್ಲ, ಆ 4,000 ವಾಪಸು ಕೊಟ್ಟರು. ಬಣ್ಣದ ಹಣದಲ್ಲಿ ಅರ್ಧ, ಅಂದರೆ 3,000 ಬಿಟ್ಟುಕೊಟ್ಟರು. ಉಳಿದ 15,000 ಬರಲೇ ಇಲ್ಲ. ಕಾಗದ ಅವರ ಕಡೆ ಇತ್ತು, ನಮ್ಮ ಕಡೆ ಏನೂ ಇರಲಿಲ್ಲ. ಮಾರ್ಚ್ ಕೊನೆಯಲ್ಲಿ ನಾಲ್ಕು ಸಾಲಿನ ಒಂದು ಪತ್ರ ಕೊಟ್ಟು ಸಹಿ ಹಾಕಿಸಿಕೊಂಡಿದ್ದರೆ ಆ 12,000ವನ್ನು ಯಾರೂ ಮುಟ್ಟುವಂತಿರಲಿಲ್ಲ. ಮೂರು ಮನೆಯ ಪಾತ್ರೆಯ ಬಿಸಿ ತಿಂದ ಹಣ ಅದು.

ಕಾನೂನು ಏನು ಹೇಳುತ್ತದೆ?

ನೋಟಿಸ್ ಎಷ್ಟು ದಿನ ಅಂತ ಕೇಳಿದರೆ ಒಬ್ಬರು ಹದಿನೈದು ದಿನ ಅಂತಾರೆ, ಇನ್ನೊಬ್ಬರು ಒಂದು ತಿಂಗಳು ಅಂತಾರೆ, ಮತ್ತೊಬ್ಬರು ಮೂರು ತಿಂಗಳು ಅಂತಾರೆ. ಮೂವರೂ ಒಂದೊಂದು ರೀತಿಯಲ್ಲಿ ಸರಿಯೇ. ಹೇಗೆ ಅಂತ ನೋಡೋಣ.

ಮೊದಲ ಮಾತು: ನಿಮ್ಮ ಕರಾರು ಪತ್ರ ಏನು ಹೇಳುತ್ತದೋ ಅದೇ ಮುಖ್ಯ. ಒಂದು ತಿಂಗಳು ಅಂತ ಬರೆದಿದ್ದರೆ ಒಂದು ತಿಂಗಳು, ಮೂರು ತಿಂಗಳು ಅಂತ ಬರೆದಿದ್ದರೆ ಮೂರು ತಿಂಗಳು. ಸಹಿ ಹಾಕಿದ ಮೇಲೆ "ನನಗೆ ಇಂಗ್ಲಿಷ್ ಬರೋದಿಲ್ಲ, ಗೊತ್ತಿರಲಿಲ್ಲ" ಅನ್ನುವ ಮಾತು ಸುಲಭವಾಗಿ ನಡೆಯುವುದಿಲ್ಲ.

ಎರಡನೇ ಮಾತು: ಕರಾರು ಪತ್ರವೇ ಇಲ್ಲ, ಅಥವಾ ಪತ್ರ ಇದೆ ಆದರೆ ನೋಟಿಸ್ ಬಗ್ಗೆ ಮಾತೇ ಇಲ್ಲ, ತಿಂಗಳು ತಿಂಗಳು ಬಾಡಿಗೆ ಕೊಟ್ಟುಕೊಂಡು ಇದ್ದೀರಿ ಅಂತ ಇಟ್ಟುಕೊಳ್ಳಿ. ಆಗ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ ನೋಡಬೇಕು. ಬೇರೆ ಒಪ್ಪಂದವಾಗಲಿ, ಸ್ಥಳೀಯ ಕಾನೂನು ಅಥವಾ ರೂಢಿಯಾಗಲಿ ಇಲ್ಲದಿದ್ದಾಗ ವಾಸದ ಮನೆಯ ಬಾಡಿಗೆಯನ್ನು ತಿಂಗಳ ಲೆಕ್ಕದ ಬಾಡಿಗೆ ಎಂದು ಆ ಕಲಂ ಪರಿಗಣಿಸುತ್ತದೆ. ಅದನ್ನು ಮುಗಿಸಲು 15 ದಿನಗಳ ನೋಟಿಸ್ ಸಾಕು. ಇದು ಬಾಡಿಗೆದಾರರಿಗೂ ಮಾಲೀಕರಿಗೂ ಒಂದೇ. ವ್ಯವಸಾಯದ ಜಮೀನು ಅಥವಾ ಕಾರ್ಖಾನೆಗಾಗಿ ಪಡೆದ ಜಾಗಕ್ಕೆ ಮಾತ್ರ ಆರು ತಿಂಗಳು.

ಈ 15 ದಿನ ಯಾವಾಗಿನಿಂದ? ಪತ್ರ ಬರೆದ ದಿನದಿಂದ ಅಲ್ಲ, ಮಾಲೀಕರಿಗೆ ತಲುಪಿದ ದಿನದಿಂದ. ಹಿಂದೆ ನೋಟಿಸ್ ಬಾಡಿಗೆ ತಿಂಗಳಿನ ಕೊನೆಯ ದಿನಕ್ಕೇ ಸರಿಯಾಗಿ ಮುಗಿಯಬೇಕು ಎಂಬ ನಿಯಮ ಇತ್ತು. ತಾರೀಖು ಒಂದು ದಿನ ತಪ್ಪಿದರೂ ಕೋರ್ಟಿನಲ್ಲಿ ವಾದ ನಡೆಯುತ್ತಿತ್ತು. 2002ರ ಡಿಸೆಂಬರ್ 31ರಿಂದ ಜಾರಿಯಾದ ತಿದ್ದುಪಡಿ ಆ ತೊಡಕನ್ನು ತೆಗೆದುಹಾಕಿತು. ಈಗ ಜೂನ್ 5ಕ್ಕೆ ನಿಮ್ಮ ಪತ್ರ ತಲುಪಿದರೆ ಜೂನ್ 20ಕ್ಕೆ 15 ದಿನ ತುಂಬುತ್ತದೆ. ಹಾಗಿದ್ದರೂ ಬಾಡಿಗೆ ಲೆಕ್ಕ ತಿಂಗಳದ್ದಾದ ಕಾರಣ, ತಿಂಗಳ ಕೊನೆಗೆ ಮನೆ ಬಿಡುವ ಹಾಗೆ ತಾರೀಖು ಇಟ್ಟುಕೊಂಡರೆ ಇಬ್ಬರಿಗೂ ಲೆಕ್ಕ ಸುಲಭ.

ಮೂರನೇ ಮಾತು: ನಮ್ಮಲ್ಲಿ ಎಲ್ಲರೂ ಮಾಡಿಕೊಳ್ಳುವುದು 11 ತಿಂಗಳ ಕರಾರು. ಒಂದು ವರ್ಷಕ್ಕಿಂತ ಹೆಚ್ಚಿನ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು, ಆ ಖರ್ಚು ತಪ್ಪಿಸಲು ಈ 11 ತಿಂಗಳು. ಆ 11 ತಿಂಗಳು ಮುಗಿದ ದಿನ ಕಾನೂನಿನ ಪ್ರಕಾರ ಬಾಡಿಗೆ ತಾನಾಗಿಯೇ ಮುಗಿಯುತ್ತದೆ. ಆದರೂ ಮುಂಚೆ ತಿಳಿಸುವುದೇ ಕ್ಷೇಮ. ಅವಧಿ ಮುಗಿದ ಮೇಲೂ ನೀವು ಅಲ್ಲೇ ಇದ್ದು, ಮಾಲೀಕರೂ ಬಾಡಿಗೆ ತೆಗೆದುಕೊಳ್ಳುತ್ತಾ ಬಂದರೆ, ಅದು ತಿಂಗಳ ಲೆಕ್ಕದ ಬಾಡಿಗೆಯಾಗಿ ಮುಂದುವರಿಯುತ್ತದೆ. ಇಂಥ ಸಂದರ್ಭದಲ್ಲಿ ಹಳೆಯ ಕರಾರಿನಲ್ಲಿದ್ದ ನೋಟಿಸ್ ಮಾತನ್ನೇ ಮಾಲೀಕರು ಹಿಡಿಯಬಹುದು. ಆದ್ದರಿಂದ 15 ದಿನ ಸಾಕು ಅಂತ ನೆಚ್ಚಿಕೊಳ್ಳದೆ ಹಳೆಯ ಪತ್ರದಲ್ಲಿ ಇದ್ದಷ್ಟೇ ನೋಟಿಸ್ ಕೊಡಿ.

ನಾಲ್ಕನೇ ಮಾತು: ಅವಧಿಯ ಮಧ್ಯೆ ಬಿಡಬೇಕಾಗಿ ಬಂದರೆ? ಕರಾರಿನಲ್ಲಿ ನೋಟಿಸ್ ಕೊಟ್ಟು ಬಿಡಬಹುದು ಅಂತ ಇದ್ದರೆ ಚಿಂತೆಯಿಲ್ಲ. ಹಾಗೆ ಇಲ್ಲದಿದ್ದರೆ ಮಧ್ಯದಲ್ಲಿ ಬಿಡಲು ಮಾಲೀಕರ ಒಪ್ಪಿಗೆ ಬೇಕು. ಕೆಲವು ಪತ್ರಗಳಲ್ಲಿ "ಲಾಕ್ ಇನ್" ಅಂತ ಒಂದು ಮಾತು ಇರುತ್ತದೆ. ಅಂದರೆ ಇಷ್ಟು ತಿಂಗಳು ಬಿಡುವಂತಿಲ್ಲ, ಬಿಟ್ಟರೆ ಆ ಬಾಡಿಗೆ ಕೊಡಬೇಕು ಅಂತ. ಸಹಿಗೆ ಮುಂಚೆ ಈ ಪದ ಇದೆಯಾ ಅಂತ ಕೇಳಿ ನೋಡಿ. ಗಂಡನಿಗೆ ಕೆಲಸ ಹೋಯಿತು, ಮನೆಯಲ್ಲಿ ಕಾಯಿಲೆ ಬಂತು ಅಂದಾಗ ಕಾಗದ ನಮ್ಮ ಕಷ್ಟ ಕೇಳುವುದಿಲ್ಲ. ಆಗ ಮಾಲೀಕರ ಹತ್ತಿರ ಹೋಗಿ ಮನಸ್ಸು ಬಿಚ್ಚಿ ಮಾತಾಡಿ. ಬೇರೆ ಬಾಡಿಗೆದಾರರನ್ನು ನೀವೇ ಹುಡುಕಿಕೊಟ್ಟರೆ ಬಹಳ ಮಾಲೀಕರು ಒಪ್ಪುತ್ತಾರೆ. ಒಪ್ಪಿದ್ದನ್ನು ಬರೆಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.

ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ಲಾ ಅಂತ ಕೆಲವರು ಕೇಳಬಹುದು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ 1999ರ ಬಾಡಿಗೆ ಕಾಯ್ದೆ ಬಂದು 2001ರ ಡಿಸೆಂಬರ್ 31ರಂದು ಜಾರಿಯಾಯಿತು. ಅದು ಮುಖ್ಯವಾಗಿ ಮಾಲೀಕರು ಬಾಡಿಗೆದಾರರನ್ನು ಬಿಡಿಸುವ ವಿಚಾರದ್ದು. ನಾವಾಗಿ ಬಿಡುವಾಗ ಕರಾರು ಮತ್ತು ಮೇಲೆ ಹೇಳಿದ ಕಲಂ ಇವೇ ಕೆಲಸಕ್ಕೆ ಬರುವುದು. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಇರಬಾರದು ಅಂತ ಇದೆ. ಕೇಳಲು ಸಂತೋಷವೇ, ಆದರೆ ಅದು ಮಾದರಿ ಮಾತ್ರ. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಳ್ಳದೆ ಅದನ್ನು ತೋರಿಸಿ ಮಾಲೀಕರನ್ನು ಕೇಳಲು ಬರುವುದಿಲ್ಲ.

ನೋಟಿಸ್ ಹೇಗೆ ಕೊಡಬೇಕು?

ನೋಟಿಸ್ ಅಂದ ಕೂಡಲೇ ವಕೀಲರು, ಕೋರ್ಟು ಅಂತ ಹೆದರಬೇಡಿ. ಒಂದು ಬಿಳಿ ಹಾಳೆ, ಒಂದು ಪೆನ್ನು ಸಾಕು. ಕನ್ನಡದಲ್ಲೇ ಬರೆಯಬಹುದು. ಕಾನೂನು ಕೇಳುವುದು ಎರಡು ವಿಷಯ: ಅದು ಬರಹದಲ್ಲಿ ಇರಬೇಕು, ಕೊಡುವವರ ಸಹಿ ಇರಬೇಕು. ಅಂಚೆಯಲ್ಲಿ ಕಳಿಸಬಹುದು, ಕೈಗೇ ಕೊಡಬಹುದು, ಮಾಲೀಕರ ಮನೆಯಲ್ಲಿ ಅವರ ಕುಟುಂಬದವರ ಅಥವಾ ಕೆಲಸದವರ ಕೈಗೂ ಕೊಡಬಹುದು. ಹಾಗೆ ನೋಡಿದರೆ ನಮ್ಮ ಸಹೋದರಿ ಮಾಲೀಕರ ತಾಯಿಗೆ ಹೇಳಿದ್ದು ತಪ್ಪಲ್ಲ, ಬರಹದಲ್ಲಿ ಕೊಡದೇ ಇದ್ದದ್ದು ತಪ್ಪಾಯಿತು.

ಪತ್ರ ಹೀಗಿರಲಿ:

"ಇಂದ: (ನಿಮ್ಮ ಹೆಸರು, ಬಾಡಿಗೆ ಮನೆಯ ವಿಳಾಸ). ಇವರಿಗೆ: (ಮಾಲೀಕರ ಹೆಸರು, ವಿಳಾಸ). ದಿನಾಂಕ: ...
ಮಾನ್ಯರೇ, ವಿಷಯ: ಬಾಡಿಗೆ ಮನೆ ಖಾಲಿ ಮಾಡುವ ಬಗ್ಗೆ ನೋಟಿಸ್.
ತಮ್ಮ ಮೇಲ್ಕಂಡ ಮನೆಯಲ್ಲಿ ನಾನು ... ತಾರೀಖಿನಿಂದ ತಿಂಗಳಿಗೆ ... ರೂಪಾಯಿ ಬಾಡಿಗೆಯಂತೆ ವಾಸವಾಗಿರುತ್ತೇನೆ. ನಮ್ಮ ಕರಾರಿನಂತೆ ... ತಿಂಗಳ ಮುಂಚಿತ ನೋಟಿಸ್ ಇದಾಗಿದ್ದು, ... ತಾರೀಖಿಗೆ ಮನೆಯನ್ನು ಖಾಲಿ ಮಾಡಿ ಬೀಗದ ಕೈ ಒಪ್ಪಿಸುತ್ತೇನೆ. ಆ ದಿನ ನಾನು ಕೊಟ್ಟಿರುವ ಮುಂಗಡ ಹಣ ... ರೂಪಾಯಿಯನ್ನು ಹಿಂದಿರುಗಿಸಬೇಕೆಂದು ಕೋರುತ್ತೇನೆ.
ಇಂತಿ, (ಸಹಿ)"

ಇಷ್ಟೇ. ಇದನ್ನು ಎರಡು ಪ್ರತಿ ಬರೆಯಿರಿ. ಒಂದನ್ನು ಮಾಲೀಕರಿಗೆ ಕೊಟ್ಟು, ಇನ್ನೊಂದರ ಮೇಲೆ "ತಲುಪಿದೆ" ಅಂತ ಅವರಿಂದ ಸಹಿ, ತಾರೀಖು ಹಾಕಿಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಜಗಳ ಬೇಡ. ನೇರವಾಗಿ ಅಂಚೆ ಕಚೇರಿಗೆ ಹೋಗಿ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಆದ್ದರಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ್ದಕ್ಕೆ ದಾಖಲೆ ಬೇಕು ಅಂತ ಕೌಂಟರಿನಲ್ಲಿ ಕೇಳಿ. ರಸೀದಿಯನ್ನು ರೇಷನ್ ಕಾರ್ಡಿನ ಹಾಗೆ ಜೋಪಾನ ಮಾಡಿ. ಅಂಚೆಗೆ ಎರಡು ಮೂರು ದಿನ ಬೇಕು, ಅದನ್ನೂ ಲೆಕ್ಕದಲ್ಲಿ ಸೇರಿಸಿಕೊಂಡು ಮುಂಚೆಯೇ ಕಳಿಸಿ.

ವಾಟ್ಸಾಪ್‌ನಲ್ಲಿ ಹಾಕಿದರೆ ಸಾಲದಾ ಅಂತ ಮಕ್ಕಳು ಕೇಳುತ್ತಾರೆ. ಹಾಕಿ, ಬೇಡ ಅನ್ನುವುದಿಲ್ಲ, ನಾಳೆ ಒಂದು ಆಧಾರಕ್ಕೆ ಆಗುತ್ತದೆ. ಆದರೆ ಅದನ್ನೇ ನಂಬಿ ಕೂರಬೇಡಿ. ಫೋನ್ ಕಳೆದರೆ ಮೆಸೇಜೂ ಹೋಯಿತು. ಸಹಿ ಇರುವ ಪತ್ರದ ಬೆಲೆಯೇ ಬೇರೆ. ಇನ್ನೊಂದು ವಿಷಯ, ಬಾಡಿಗೆ ತೆಗೆದುಕೊಳ್ಳುವವರು ಒಬ್ಬರು, ಕರಾರಿಗೆ ಸಹಿ ಹಾಕಿದವರು ಮತ್ತೊಬ್ಬರು ಆಗಿದ್ದರೆ, ಸಹಿ ಹಾಕಿದವರ ಹೆಸರಿಗೇ ನೋಟಿಸ್ ಕೊಡಿ.

ಮನೆ ಬಿಡುವ ದಿನ

ನೋಟಿಸ್ ಕೊಟ್ಟಾಯಿತು ಅಂತ ಕೈ ಕಟ್ಟಿ ಕೂರುವ ಹಾಗಿಲ್ಲ. ಈ ಕೆಲವು ಕೆಲಸಗಳನ್ನು ತಪ್ಪದೆ ಮಾಡಿ.

1. ಕರೆಂಟ್ ಬಿಲ್, ನೀರಿನ ಬಿಲ್ ಪೂರ್ತಿ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಹೋಗುವ ದಿನ ಮೀಟರ್ ರೀಡಿಂಗ್ ಬರೆದುಕೊಳ್ಳಿ, ಫೋಟೋ ತೆಗೆಯಿರಿ.

2. ಖಾಲಿ ಮನೆಯನ್ನು ಗುಡಿಸಿ ಒರೆಸಿ, ಗೋಡೆ, ಬಾಗಿಲು, ನಲ್ಲಿ, ಸ್ವಿಚ್ಚು ಎಲ್ಲದರ ಫೋಟೋ ತೆಗೆಯಿರಿ. ಮನೆಯನ್ನು ಒಳ್ಳೆಯ ಸ್ಥಿತಿಯಲ್ಲಿ ಒಪ್ಪಿಸುವುದು ನಮ್ಮ ಕರ್ತವ್ಯ. ಆದರೆ ವಾಸ ಮಾಡಿದ ಮನೆ ಸಹಜವಾಗಿ ಸವೆಯುವುದನ್ನು ಕಾನೂನೂ ಒಪ್ಪುತ್ತದೆ. ಬಣ್ಣ ಮಾಸಿದ್ದು ಸವೆತ, ಬಾಗಿಲು ಮುರಿದದ್ದು ನಷ್ಟ. ಈ ವ್ಯತ್ಯಾಸ ತಿಳಿದಿರಲಿ. ಹಾಗಂತ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಅಂತ ಕರಾರಿನಲ್ಲೇ ಬರೆದಿದ್ದರೆ ಅದನ್ನು ಕೊಡಬೇಕಾಗುತ್ತದೆ.

3. ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗಬೇಡಿ. ಮಾಲೀಕರ ಕೈಗೇ ಕೊಟ್ಟು, ಇಂಥ ತಾರೀಖು ಕೀ ಬಂದಿದೆ ಅಂತ ಬರೆಸಿಕೊಳ್ಳಿ. ಕೀ ನಿಮ್ಮ ಹತ್ತಿರವೇ ಇದ್ದರೆ ಮನೆ ಇನ್ನೂ ನಿಮ್ಮ ವಶದಲ್ಲಿದೆ ಅಂತ ಬಾಡಿಗೆ ಕೇಳಬಹುದು.

4. ಕೊನೆಯ ತಿಂಗಳ ಬಾಡಿಗೆಯನ್ನು "ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ" ಅಂತ ನೀವೇ ತೀರ್ಮಾನಿಸಬೇಡಿ. ಮಾಲೀಕರು ಒಪ್ಪಿದರೆ ಮಾತ್ರ, ಅದೂ ಬರಹದಲ್ಲಿ.

5. ಆಧಾರ್, ವೋಟರ್ ಐಡಿ, ಗ್ಯಾಸ್, ರೇಷನ್ ಕಾರ್ಡ್ ಇವುಗಳ ವಿಳಾಸ ಬದಲಾವಣೆಗೆ ಹೊಸ ಕರಾರು ಪತ್ರ ಬೇಕಾಗಬಹುದು, ಅದರ ಪ್ರತಿ ಕೇಳಿ ಪಡೆಯಿರಿ.

ಭೋಗ್ಯಕ್ಕೆ ಇರುವವರು ಇನ್ನೂ ಹುಷಾರಾಗಿರಬೇಕು. ಲಕ್ಷಗಟ್ಟಲೆ ಹಣ ಒಟ್ಟಿಗೆ ಕೊಟ್ಟಿರುತ್ತೀರಿ, ಮಾಲೀಕರು ಅದನ್ನು ಎಲ್ಲೋ ಹಾಕಿರುತ್ತಾರೆ. ಅದನ್ನು ಹೊಂದಿಸಲು ಅವರಿಗೆ ಸಮಯ ಬೇಕು. ಕರಾರಿನಲ್ಲಿ ಇಲ್ಲದಿದ್ದರೂ ಎರಡು ಮೂರು ತಿಂಗಳ ಮುಂಚೆ ಬರಹದಲ್ಲಿ ತಿಳಿಸಿ. ಒಂದು ಕೈಯಲ್ಲಿ ಹಣ, ಇನ್ನೊಂದು ಕೈಯಲ್ಲಿ ಕೀ, ಎರಡೂ ಒಂದೇ ದಿನ ಆಗಲಿ. ನಮ್ಮ ನರ್ಸಿಂಗ್ ಓದುವ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಪಿ.ಜಿ.ಗಳಲ್ಲಿ ಇರುತ್ತಾರೆ. ಅಲ್ಲಿ ನಿಯಮಗಳು ಒಂದೊಂದು ಕಡೆ ಒಂದೊಂದು ಥರ. ಸೇರುವ ದಿನವೇ ನೋಟಿಸ್ ಎಷ್ಟು ದಿನ, ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೆ ಅಂತ ಕೇಳಿ, ರಸೀದಿಯ ಹಿಂದೆ ಬರೆಸಿಕೊಳ್ಳಲಿ.

ಹಣ ಕೊಡದಿದ್ದರೆ?

ಎಲ್ಲ ಸರಿಯಾಗಿ ಮಾಡಿದರೂ ಕೆಲವರು "ಇವತ್ತು ಬಾ, ನಾಳೆ ಬಾ" ಅಂತ ಅಲೆಸುತ್ತಾರೆ. ಮೊದಲು ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಮಾತಾಡಿ. ಆಗಲಿಲ್ಲ ಅಂದರೆ ಹಣ ಕೇಳಿ ಮತ್ತೊಂದು ಪತ್ರ ಅಂಚೆಯಲ್ಲಿ ಕಳಿಸಿ. ಅದಕ್ಕೂ ಬಗ್ಗದಿದ್ದರೆ ಕಾನೂನು ಸೇವಾ ಪ್ರಾಧಿಕಾರ ಇದೆ. ಜಿಲ್ಲೆಗಳಲ್ಲಿ ಜಿಲ್ಲಾ ಪ್ರಾಧಿಕಾರ, ತಾಲ್ಲೂಕುಗಳಲ್ಲಿ ತಾಲ್ಲೂಕು ಸಮಿತಿ, ಕೋರ್ಟಿನ ಆವರಣದಲ್ಲಿ ವಿಚಾರಿಸಿದರೆ ತೋರಿಸುತ್ತಾರೆ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರ ಸಹಾಯ ಉಚಿತ. ಫೋನ್ ಮಾಡಲು 15100 ಎಂಬ ಸಂಖ್ಯೆ ಇದೆ. ಎರಡು ಕಡೆಯವರನ್ನೂ ಕೂರಿಸಿ ರಾಜಿ ಮಾಡಿಸುತ್ತಾರೆ, ಲೋಕ ಅದಾಲತ್‌ಗೂ ಕಳಿಸುತ್ತಾರೆ. ಹಣ ವಾಪಸು ಕೇಳುವ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ, ಆಮೇಲೆ ನೋಡೋಣ ಅಂತ ವರ್ಷಗಟ್ಟಲೆ ಬಿಡಬೇಡಿ. ಅಲ್ಲಿಗೆ ಹೋದಾಗ ಮೊದಲು ಕೇಳುವುದು "ಕಾಗದ ಏನಿದೆ?" ಅಂತ. ಕರಾರು ಪತ್ರ, ಅಡ್ವಾನ್ಸ್ ಕೊಟ್ಟ ದಾಖಲೆ, ನೋಟಿಸ್ ಪ್ರತಿ, ಕೀ ಒಪ್ಪಿಸಿದ ಚೀಟಿ, ಈ ನಾಲ್ಕು ಇದ್ದರೆ ನಿಮ್ಮ ಕೇಸು ಅರ್ಧ ಗೆದ್ದ ಹಾಗೆ.

ಮಾಲೀಕರಿಗೂ ಒಂದು ಮಾತು

ಈ ಸಭೆಯಲ್ಲಿ ಮನೆ ಬಾಡಿಗೆಗೆ ಕೊಟ್ಟವರೂ ಇದ್ದೀರಿ. ಮೇಲೆ ಒಂದು ರೂಮು ಕಟ್ಟಿ, ಆ ಬಾಡಿಗೆಯಲ್ಲೇ ಔಷಧಿ ತರುವ ವಿಧವೆ ತಾಯಂದಿರು ಇದ್ದಾರೆ. ಬಾಡಿಗೆದಾರರು ಹೇಳದೆ ಕೇಳದೆ ಹೊರಟುಹೋದರೆ ಅವರ ಆ ತಿಂಗಳ ಔಷಧಿ ನಿಲ್ಲುತ್ತದೆ. ಆದ್ದರಿಂದ ನೋಟಿಸ್ ಕೊಡುವುದು ಅಡ್ವಾನ್ಸ್ ಉಳಿಸಿಕೊಳ್ಳುವ ಉಪಾಯ ಮಾತ್ರ ಅಲ್ಲ, ಅದು ನೆರೆಯವರಿಗೆ ಸಲ್ಲಬೇಕಾದ ನ್ಯಾಯ. ಹಾಗೆಯೇ ಮಾಲೀಕರಾದ ನೀವೂ ಕರಾರನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ, ಒಂದು ಪ್ರತಿ ಕೊಡಿ. ಬೇರೆಯವರು ಬೇಗ ಬಾಡಿಗೆಗೆ ಬಂದರೆ ಮುರಿದುಕೊಂಡ ಹಣದಲ್ಲಿ ಉಳಿದದ್ದನ್ನು ವಾಪಸು ಕೊಡಿ. ಒಂದೇ ಮನೆಗೆ ಎರಡು ಕಡೆಯಿಂದ ಬಾಡಿಗೆ ತಿನ್ನುವುದು ನಮಗೆ ಸಲ್ಲದು.

ಬೆತ್ಲೆಹೇಮಿನಲ್ಲಿ ಮರಿಯಮ್ಮನವರಿಗೂ ಜೋಸೆಫರಿಗೂ ಛತ್ರದಲ್ಲಿ ಜಾಗ ಸಿಗಲಿಲ್ಲ ಅನ್ನುವುದನ್ನು ನಾವು ಪ್ರತಿ ಕ್ರಿಸ್ಮಸ್‌ನಲ್ಲಿ ಕೇಳುತ್ತೇವೆ. ತಲೆ ಮೇಲೆ ಸೂರಿಲ್ಲದ ಸಂಕಟ ಪವಿತ್ರ ಕುಟುಂಬಕ್ಕೂ ಗೊತ್ತಿತ್ತು. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅಂತ ನೇರವಾಗಿ ಇರಬೇಕೆಂದು ಪ್ರಭು ಯೇಸು ಬೆಟ್ಟದ ಮೇಲೆ ಬೋಧಿಸಿದ್ದಾರೆ. ಕರಾರಿನ ವಿಷಯದಲ್ಲೂ ಇದು ಅನ್ವಯಿಸುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಇವತ್ತು ಮನೆಗೆ ಹೋದ ಕೂಡಲೇ ಟ್ರಂಕಿನಿಂದ ನಿಮ್ಮ ಕರಾರು ಪತ್ರ ತೆಗೆಯಿರಿ. ನೋಟಿಸ್ ಎಷ್ಟು ತಿಂಗಳು ಅಂತ ಹುಡುಕಿ, ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳ ಹತ್ತಿರ ಓದಿಸಿ. ಅವರಿಗೂ ತಿಳಿಯದಿದ್ದರೆ ಮುಂದಿನ ಸಭೆಗೆ ತನ್ನಿ, ನಾವು ಕೂತು ಓದಿ ಹೇಳುತ್ತೇವೆ. ಪತ್ರವೇ ಇಲ್ಲದಿದ್ದರೆ ಮಾಲೀಕರನ್ನು ಕೇಳಿ ಒಂದು ಪ್ರತಿ ಪಡೆಯಿರಿ. ಮನೆ ಬಿಡುವ ಯೋಚನೆ ಬಂದ ದಿನವೇ ಪತ್ರ ಬರೆಯಿರಿ, ಲಾರಿ ಬಂದು ನಿಂತ ದಿನ ಅಲ್ಲ. ನಮ್ಮ ಆ ಸಹೋದರಿ ಈಗ ಹೊಸ ಮನೆಯ ಕರಾರನ್ನು ಕನ್ನಡದಲ್ಲೇ ಬರೆಸಿಕೊಂಡಿದ್ದಾರೆ. ಒಂದು ತಿಂಗಳ ನೋಟಿಸ್ ಅಂತ ಅವರೇ ಕೇಳಿ ಹಾಕಿಸಿದ್ದಾರೆ. ಕಳೆದುಕೊಂಡ 15,000 ವಾಪಸು ಬರಲಿಲ್ಲ, ಆ ಸಾಲವನ್ನು ಇನ್ನೂ ತೀರಿಸುತ್ತಿದ್ದಾರೆ. ಆದರೆ ಅವರ ಪಾಠ ನಿಮ್ಮೆಲ್ಲರ ಹಣ ಉಳಿಸಲಿ ಎಂಬುದೇ ಅವರ ಆಸೆ, ನಮ್ಮ ಪ್ರಾರ್ಥನೆ.

ದೇವರು ನಿಮ್ಮ ಮನೆಗಳನ್ನು ಆಶೀರ್ವದಿಸಲಿ.